ನೆರಿಗೆ ಮೊದಲು, ಕನ್ನಡಿ ಆಮೇಲೆ

ಫೆಬ್ರುವರಿಯಲ್ಲಿ ಲಂಬಾಣಿಗರ ಗುರು ಸೇವಾಲಾಲರ ಜಯಂತಿ ಬಂತೆಂದರೆ ಹಂಪಸಾಗರ, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಕಡೆಯ ತಾಂಡಾಗಳಲ್ಲಿ ಪೆಟ್ಟಿಗೆಯೊಳಗಿದ್ದ ಫೇಟಿಯಾಗಳು, ಅಂದರೆ ಕಸೂತಿ ಹಾಕಿದ ನೆರಿಗೆ ಲಂಗಗಳು, ಹೊರಬರುತ್ತವೆ. ದಿನವೂ ಅದನ್ನು ಉಡುವವರು ಈಗ ಹೆಚ್ಚಾಗಿ ಅಜ್ಜಿಯರು. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಹೆಣ್ಣುಮಕ್ಕಳು ಸೀರೆಗೆ ಬಂದು ಬಹಳ ಕಾಲವಾಯಿತು. ಆದರೂ ತನ್ನ ಫೇಟಿಯಾವನ್ನು ತಾನೇ ಹೊಲಿಯಬೇಕೆಂಬ ಆಸೆ ಸತ್ತಿಲ್ಲ. ತೊಡಕು ಇರುವುದು ಕಲಿಕೆ ಶುರುವಾಗುವ ಜಾಗದಲ್ಲಿ. ಹೊಸಬರ ಕೈ ಮೊದಲು ಹೋಗುವುದು ಕನ್ನಡಿ, ಬಣ್ಣದ ದಾರದ ಕಡೆಗೆ. ನನ್ನ ಪ್ರಕಾರ ಫೇಟಿಯಾ ಕಲಿಯಬೇಕಾದದ್ದು ಸೊಂಟದಿಂದ, ನೆರಿಗೆಯೂ ಪಟ್ಟಿಯೂ ಕೂಡುವ ಕಡೆಯಿಂದ. ಅಲ್ಲಿ ಹಿಡಿತ ಬಾರದಿದ್ದರೆ ಮೇಲಿನ ಕಸೂತಿ ಎಷ್ಟು ಚೆಂದವಿದ್ದರೂ ಉಡುಪು ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಫೇಟಿಯಾಕ್ಕೆ ಐದು ಮೀಟರ್ ಬಟ್ಟೆ ಎಂದಿಟ್ಟುಕೊಂಡರೆ ಸುಮಾರು 197 ಇಂಚು. ಅದು 30 ಇಂಚಿನ ಸೊಂಟಕ್ಕೆ ಇಳಿಯಬೇಕಾದರೆ ಒಂದೊಂದು ಇಂಚಿನೊಳಗೆ ಆರೂವರೆ ಇಂಚು ಬಟ್ಟೆ ಅಡಗಬೇಕು. ಒಂದರ ಪಕ್ಕ ಒಂದು ಬರುವಂತೆ ಮಡಚಿದ ಸಾಮಾನ್ಯ ನೆರಿಗೆಗೆ ಮೂರು ಪಟ್ಟು ಬಟ್ಟೆ ಸಾಕು. ಇಲ್ಲಿ ಅದರ ಎರಡರಷ್ಟಿರುವುದರಿಂದ ನೆರಿಗೆಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ, ಸೊಂಟದಲ್ಲಿ ಆರೇಳು ಪದರ ಸೇರುತ್ತದೆ. ಕೆಳಗೆ ಲಂಗದ ಹರಡಿದ ಭಾಗವಾದ ಘೇರೋ, ಅದರ ಅಂಚಿನ ಕಸೂತಿ, ಕನ್ನಡಿ, ಎಲ್ಲದರ ಭಾರವೂ ಇದೇ ಪದರಗಳನ್ನು ಜಗ್ಗುತ್ತದೆ. ಹತ್ತಿ ಬಟ್ಟೆಯ ನೆರಿಗೆ ಇಸ್ತ್ರಿಗೆ ಬಹಳ ಹೊತ್ತು ನಿಲ್ಲುವುದಿಲ್ಲ, ಅದನ್ನು ಹಿಡಿಯಬೇಕಾದದ್ದು ದಾರ. ಸೊಂಟದ ಪಟ್ಟಿಯಾದ ಲೇಪೋ ಅಷ್ಟು ಅಗಲವಾಗಿ, ಅಷ್ಟು ಒತ್ತೊತ್ತಾದ ಹೊಲಿಗೆಯಿಂದ ತುಂಬಿರುವುದು ಅಲಂಕಾರಕ್ಕಷ್ಟೇ ಎಂದು ನಾನು ನಂಬುವುದಿಲ್ಲ. ಪದರಗಳನ್ನು ಸೇರಿಸಿ ಹಾಕಿದ ಸಾಲು ಹೊಲಿಗೆ ಬಟ್ಟೆಯನ್ನು ಗಡುಸು ಮಾಡುತ್ತದೆ, ಭಾರವನ್ನು ಸೊಂಟದ ಸುತ್ತ ಹಂಚುತ್ತದೆ. ಕಸೂತಿಯೇ ಇಲ್ಲಿ ಬಂದೋಬಸ್ತು. ಅದರ ಬದಲು ಮೇಲೆ ಲೇಸು ಅಂಟಿಸಿದರೆ ನೋಟ ಉಳಿಯುತ್ತದೆ, ಬಲ ಹೋಗುತ್ತದೆ.

ಇದೇ ಕಷ್ಟವನ್ನು ಬೇರೆ ದಾರಿಯಲ್ಲಿ ಬಿಡಿಸಿಕೊಂಡ ಉಡುಪೊಂದು ಸ್ಕಾಟ್ಲೆಂಡಿನ ಕಿಲ್ಟ್. ಗಂಡಸರು ಉಡುವ ಆ ಉಣ್ಣೆಯ ಲಂಗಕ್ಕೆ ಸುಮಾರು ಎಂಟು ಗಜ ಬಟ್ಟೆ ಬೇಕು. ಮುಂದೆ ಎರಡು ಚಪ್ಪಟೆ ಭಾಗಗಳು ಒಂದರ ಮೇಲೊಂದು ಬರುತ್ತವೆ, ನೆರಿಗೆಯೆಲ್ಲ ಹಿಂದೆ. ಚೌಕಳಿಯ ವಿನ್ಯಾಸ ನೆರಿಗೆಯಲ್ಲೂ ಮುರಿಯದಂತೆ ಮಡಚುವುದೇ ಅದರ ಕಸುಬುದಾರಿಕೆ. ನೆರಿಗೆಗಳನ್ನು ಪೃಷ್ಠದಿಂದ ಸೊಂಟದವರೆಗೆ ಕೈಯಲ್ಲೇ ಹೊಲಿದು, ಒಳಗೆ ದಪ್ಪ ಕ್ಯಾನ್ವಾಸ್ ಕೊಟ್ಟು ಭದ್ರಪಡಿಸುತ್ತಾರೆ. ನಮ್ಮಲ್ಲಿ ಲೇಪೋ ಹೊರಗೆ ಎದ್ದು ಕಾಣುತ್ತ ಮಾಡುವ ಕೆಲಸವನ್ನು ಅಲ್ಲಿ ಕ್ಯಾನ್ವಾಸ್ ಕಣ್ಣಿಗೆ ಬೀಳದೆ ಮಾಡುತ್ತದೆ. ನಮಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. 2001ರಲ್ಲಿ ಬಾರ್ಬರಾ ಟ್ಯೂಕ್ಸ್‌ಬರಿ ಮತ್ತು ಎಲ್ಸಿ ಸ್ಟೂಮೆಯರ್ ಈ ಹೊಲಿಗೆಯನ್ನು ಹಂತಹಂತವಾಗಿ ಬಿಡಿಸಿ ಹೇಳುವ ಪುಸ್ತಕ ತಂದರು. ಕಸುಬುದಾರರ ಬಳಿ ಕೂತು ಕಲಿಯಲು ಅವಕಾಶವಿಲ್ಲದವರಿಗೂ ಮನೆಯಲ್ಲಿ ಕಿಲ್ಟ್ ಹೊಲಿಯುವ ದಾರಿ ತೆರೆಯಿತು. ಫೇಟಿಯಾಕ್ಕೆ ಕನ್ನಡದಲ್ಲಿ ಅಂಥ ಪುಸ್ತಕ ಬೇಕು.

ಬರೆದಿಟ್ಟರೆ ಕಲೆ ಕೈತಪ್ಪುತ್ತದೆ, ಯಾರು ಬೇಕಾದರೂ ನಕಲು ಹೊಡೆಯುತ್ತಾರೆ ಎಂಬ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾಗದು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ಇಂಥ ನಕಲಿನಿಂದ ಹೆಸರನ್ನು ಕಾಪಾಡಲಿಕ್ಕೇ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸಂಡೂರು ಕಸೂತಿಯ ಹೆಸರಿನಲ್ಲಿ ಮಾರುವ ಹಕ್ಕು ಅವರದು, ಅದು ಅವರದೇ ಆಗಿರಬೇಕು. ಆದರೆ ತಾಂಡಾದ ಹುಡುಗಿ ತನ್ನ ಅಜ್ಜಿಯ ಉಡುಪನ್ನು ಹೊಲಿಯಲು ಕಲಿಯುವುದು ಬೇರೆ ಮಾತು. ಅಜ್ಜಿಯ ಕೈ ನೋಡಿ ಕಲಿಯುವ ಪದ್ಧತಿ, ಅಜ್ಜಿ ಮೊಮ್ಮಗಳು ವರ್ಷವಿಡೀ ಒಂದೇ ಅಂಗಳದಲ್ಲಿದ್ದ ಕಾಲದ್ದು. ವರ್ಷದ ಅರ್ಧ ಮನೆ ಗುಳೆಯಲ್ಲಿದ್ದಾಗ ಆ ಪದ್ಧತಿಯೊಂದನ್ನೇ ನೆಚ್ಚುವಂತಿಲ್ಲ. ಪುಸ್ತಕ ಬರೆಯುವುದಾದರೆ ಹೇಳಿಕೊಟ್ಟ ಹೆಂಗಸರ ಹೆಸರು ಅದರ ಮುಖಪುಟದಲ್ಲಿರಬೇಕು, ಗೌರವಧನವೂ ಅವರಿಗೆ ಸಲ್ಲಬೇಕು. ಇನ್ನು ಮಷೀನಿದ್ದಾಗ ಕೈಹೊಲಿಗೆ ಏಕೆ ಎನ್ನುವವರ ಮಾತನ್ನು ಅರ್ಧ ಒಪ್ಪುತ್ತೇನೆ. ಬಟ್ಟೆಯ ತುಂಡುಗಳನ್ನು ಜೋಡಿಸುವ ಉದ್ದನೆಯ ನೇರ ಹೊಲಿಗೆಯನ್ನು ಮಷೀನಿನಲ್ಲಿ ಧಾರಾಳವಾಗಿ ಹಾಕಬಹುದು, ಅಲ್ಲಿ ಕೈ ಸವೆಸಿ ಪ್ರಯೋಜನವಿಲ್ಲ. ಆರೇಳು ಪದರದ ಸೊಂಟಕ್ಕೆ ಬಂದಾಗ ಮಾತ್ರ ಮನೆಯ ಮಷೀನಿನ ಸೂಜಿ ತಿಣುಕುತ್ತದೆ, ಒತ್ತುವ ಪಾದ ಮೇಲಿನ ನೆರಿಗೆಯನ್ನು ಪಕ್ಕಕ್ಕೆ ತಳ್ಳುತ್ತದೆ, ಕೊನೆಗೆ ಅಳತೆ ತಪ್ಪುತ್ತದೆ.

ಹಾಗಾಗಿ ಕಲಿಯುವವರು ಪುಟ್ಟ ಹುಡುಗಿಯ ಅಳತೆಯಿಂದ ಶುರು ಮಾಡುವುದು ಒಳ್ಳೆಯದು. 20 ಇಂಚಿನ ಸೊಂಟ, ಮೂರು ಪಟ್ಟಿನಂತೆ 60 ಇಂಚು ಬಟ್ಟೆ. ಹೊಲಿಗೆಯ ಅಂಚಿಗೂ ಪಟ್ಟಿಯ ತುದಿಗೂ ಒಂದೆರಡು ಇಂಚು ಹೆಚ್ಚು ಬಿಡಬೇಕು. ಸಾದಾ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸಿದ ಮೇಲೇ ಕತ್ತರಿ ಹಾಕಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪಟ್ಟಿ ಒಂದು ಕಡೆ, ಘೇರೋ ಒಂದು ಕಡೆ ಕುಗ್ಗುತ್ತದೆ. ಒಂದೊಂದು ಇಂಚಿಗೆ ಗುರುತು ಮಾಡಿ, ಗುರುತಿನಿಂದ ಗುರುತಿಗೆ ಮಡಚಿ, ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ, ಟೇಪು ಹಿಡಿದು ಸೊಂಟ ನೋಡಬೇಕು. ಹೆಚ್ಚುಕಡಿಮೆ ಬಂದರೆ ಬಿಚ್ಚಬೇಕು, ಎಳೆದು ಹೊಂದಿಸಬಾರದು. ನೆರಿಗೆ ಸಮವಾದ ಮೇಲೆ ಅಸ್ತರು ಕೊಟ್ಟ ಪಟ್ಟಿಯನ್ನು ಕೂರಿಸಿ ಒತ್ತಾಗಿ ಸಾಲು ಹೊಲಿಗೆ ಹಾಕಬೇಕು. ಅದು ನಾಲ್ಕು ಒಗೆತ ತಾಳಿ ಅಳತೆಯಲ್ಲಿ ನಿಂತರೆ ದೊಡ್ಡವರ ಫೇಟಿಯಾಕ್ಕೆ ಬಟ್ಟೆ ತರಬಹುದು. ಕಿಲನ್, ವೇಲೆ, ಮಾಕಿ, ರೇಲೋ ಮುಂತಾದ ಹೊಲಿಗೆಗಳನ್ನೂ ಕನ್ನಡಿ ಕೂರಿಸುವುದನ್ನೂ ಗೊತ್ತಿದ್ದವರ ಪಕ್ಕ ಕೂತು ಆಗ ಕಲಿಯಲಿ.