ಒಂಬತ್ತನೆಯ ಚುಕ್ಕೆ: ವಿಜಿಎ ಅಕ್ಷರಗಳ ವಿನ್ಯಾಸ ಮತ್ತು ಮರುಬಳಕೆ

ಐಬಿಎಂ ಸಂಸ್ಥೆಯು 1987ರಲ್ಲಿ ತನ್ನ ಪಿಎಸ್/2 ಗಣಕಗಳೊಂದಿಗೆ ಹೊರತಂದ ವಿಜಿಎ ಎಂಬ ಪ್ರದರ್ಶನ ವ್ಯವಸ್ಥೆಯಲ್ಲಿ 256 ಚಿಹ್ನೆಗಳ ಅಕ್ಷರಮಾಲೆಯೊಂದು ಅಡಕವಾಗಿತ್ತು. ಡಾಸ್ ಕಾಲದ ಕಪ್ಪು ತೆರೆಯ ಮುಂದೆ ಕುಳಿತವರಿಗೆಲ್ಲ ಪರಿಚಿತವಾದ ಈ ಅಕ್ಷರಗಳು ಇಂದು ಆಟಗಳ ಶೀರ್ಷಿಕೆಗಳಲ್ಲೂ ಭಿತ್ತಿಪತ್ರಗಳಲ್ಲೂ ‘ರೆಟ್ರೋ’ ಎಂಬ ಹಣೆಪಟ್ಟಿ ಹೊತ್ತು ಮತ್ತೆ ಕಾಣಿಸಿಕೊಳ್ಳುತ್ತಿವೆ. ಬಾಗುರೇಖೆಗಳಿಂದಲ್ಲದೆ ಚುಕ್ಕೆಗಳಿಂದ ಕಟ್ಟಿದ್ದಾದ್ದರಿಂದ ಇದು ಪಿಕ್ಸೆಲ್ ಫಾಂಟ್. ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆಯನ್ನು ಕೊಟ್ಟಿರುವುದರಿಂದ ಸಮ-ಅಗಲದ ಫಾಂಟ್. ಇದರ ಮೌಲ್ಯವಿರುವುದು ಅದು ಎಬ್ಬಿಸುವ ಹಳೆಯ ನೆನಪಿನಲ್ಲಲ್ಲ, ಇಕ್ಕಟ್ಟಿನೊಳಗೆ ಅದು ಕಂಡುಕೊಂಡ ಪರಿಹಾರಗಳಲ್ಲಿ. ಆದರೆ ಇಂದಿನ ಮರುಬಳಕೆ ಬಹುಮಟ್ಟಿಗೆ ಎತ್ತಿಕೊಂಡಿರುವುದು ಮೊದಲನೆಯದನ್ನೇ.

ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರವನ್ನು ಸಾಲುಸಾಲಾಗಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಎಂಟು ಚುಕ್ಕೆ ಅಗಲ, ಹದಿನಾರು ಸಾಲು ಎತ್ತರದ ಮನೆಯಲ್ಲಿ ಮೇಲಿನ ಎರಡು ಸಾಲು ಖಾಲಿ. ಮೂರನೆಯ ಸಾಲಿನಲ್ಲಿ ಒಂದೇ ಚುಕ್ಕೆ, ಅದರ ಕೆಳಗೆ ಮೂರು, ಆಮೇಲೆ ಎರಡೆರಡು ಚುಕ್ಕೆ ದಪ್ಪದ ಕಾಲುಗಳು ಇಬ್ಬದಿಗೆ ಚಾಚಿ, ನಡುವೆ ಏಳು ಚುಕ್ಕೆಗಳ ಅಡ್ಡಪಟ್ಟಿ ಬಂದು, ಹನ್ನೆರಡನೆಯ ಸಾಲಿಗೆ ಅಕ್ಷರ ಮುಗಿಯುತ್ತದೆ. ಉಳಿದ ನಾಲ್ಕು ಸಾಲುಗಳು ಅಕ್ಷರಗಳ ಇಳಿಬಾಲಗಳಿಗೂ ಸಾಲುಗಳ ನಡುವಿನ ಅಂತರಕ್ಕೂ ಮೀಸಲು. ಈ ಎರಡು ಚುಕ್ಕೆಯ ದಪ್ಪವನ್ನು ಎಲ್ಲೆಡೆ ಪಾಲಿಸುವುದು ಮಾತ್ರ ಸಾಧ್ಯವಿಲ್ಲ. ಚಿಕ್ಕ ‘ಎಂ’ ಅಕ್ಷರದ ಮೂರು ಕಾಲುಗಳು ಏಳು ಚುಕ್ಕೆಗಳೊಳಗೆ ನಿಲ್ಲಬೇಕಾದ್ದರಿಂದ ನಡುವಿನ ಕಾಲನ್ನು ಒಂದೇ ಚುಕ್ಕೆಗೆ ಸಣ್ಣದಾಗಿಸಲಾಗಿದೆ. ಇದಕ್ಕೆ ವಿರುದ್ಧವಾಗಿ, ಸಹಜವಾಗಿಯೇ ಸಪೂರವಾದ ಚಿಕ್ಕ ‘ಐ’ಗೆ ಕೆಳಗೆ ಪೀಠವೊಂದನ್ನು ಕೊಟ್ಟು ಮನೆಯ ಖಾಲಿತನವನ್ನು ಕಡಿಮೆ ಮಾಡಲಾಗಿದೆ. ಓದುವ ವೇಗದಲ್ಲಿ ಕಣ್ಣು ಎರಡನ್ನೂ ಗಮನಿಸದೆ ಮುಂದೆ ಸಾಗುತ್ತದೆಂಬುದೇ ವಿನ್ಯಾಸಕಾರರ ಗೆಲುವು.

ಇದಕ್ಕಿಂತಲೂ ಜಾಣ್ಮೆಯ ಉಪಾಯವು 1981ರ ಐಬಿಎಂ ಏಕವರ್ಣ ಪ್ರದರ್ಶನ ಫಲಕದಿಂದ ವಿಜಿಎಗೆ ಬಳುವಳಿಯಾಗಿ ಬಂದಿತು. ವಿಜಿಎ ಪಠ್ಯತೆರೆಯು 720 ಚುಕ್ಕೆ ಅಗಲ, 400 ಚುಕ್ಕೆ ಎತ್ತರದ್ದಾದ್ದರಿಂದ, 80 ಅಕ್ಷರಗಳ 25 ಸಾಲುಗಳಿಗೆ ಹಂಚಿದಾಗ ಪ್ರತಿ ಮನೆಗೂ ಒಂಬತ್ತು ಚುಕ್ಕೆಗಳ ಅಗಲ ದೊರೆಯುತ್ತದೆ. ಸ್ಮೃತಿಯಲ್ಲಿ ಉಳಿಸಿದ ಚಿತ್ರವಾದರೋ ಎಂಟೇ ಚುಕ್ಕೆಯದು. ಒಂಬತ್ತನೆಯದನ್ನು ಖಾಲಿ ಬಿಟ್ಟರೆ ಅಕ್ಷರಗಳ ನಡುವೆ ಉಸಿರಾಡಲು ಜಾಗ ಸಿಗುತ್ತದೆ, ಆದರೆ ಚೌಕಟ್ಟು ಬರೆಯುವ ಗೆರೆಚಿಹ್ನೆಗಳು ತುಂಡಾಗುತ್ತವೆ. ಆದ್ದರಿಂದ 192ರಿಂದ 223ರವರೆಗಿನ ಸಂಕೇತಗಳಿಗೆ ಮಾತ್ರ ಎಂಟನೆಯ ಚುಕ್ಕೆಯನ್ನೇ ಒಂಬತ್ತನೆಯದಾಗಿ ನಕಲಿಸುವಂತೆ ಯಂತ್ರವನ್ನು ರೂಪಿಸಲಾಯಿತು. ಬಲಕ್ಕೆ ಕೈಚಾಚುವ ಗೆರೆಚಿಹ್ನೆಗಳೆಲ್ಲ ಈ ವ್ಯಾಪ್ತಿಯೊಳಗೇ ಬರುವಂತೆ ಸಂಕೇತಪಟ್ಟಿ ಜೋಡಣೆಯಾಗಿದೆಯೆಂಬುದನ್ನು ಗಮನಿಸಿದರೆ, ಅಕ್ಷರವಿನ್ಯಾಸ ಮತ್ತು ವಿದ್ಯುನ್ಮಂಡಲವಿನ್ಯಾಸ ಇಲ್ಲಿ ಬೇರೆಬೇರೆ ಕೆಲಸಗಳಾಗಿ ಉಳಿದಿಲ್ಲವೆಂಬುದು ತಿಳಿಯುತ್ತದೆ. ಲೋಪವೂ ಇಲ್ಲದಿಲ್ಲ: ಛಾಯೆ ತುಂಬುವ ಮೂರು ಚಿಹ್ನೆಗಳು 176ರಿಂದ 178ರವರೆಗಿನ ಸಂಕೇತಗಳಲ್ಲಿ, ಅಂದರೆ ಆ ವ್ಯಾಪ್ತಿಯ ಹೊರಗೆ ಇರುವುದರಿಂದ, ಅವುಗಳಿಂದ ತುಂಬಿದ ಹಿನ್ನೆಲೆಯಲ್ಲಿ ಎಂಟು ಚುಕ್ಕೆಗಳಿಗೊಮ್ಮೆ ಕಪ್ಪು ಸೀಳು ಮೂಡುತ್ತದೆ.

ಇಂದಿನ ಮರುಸೃಷ್ಟಿಗಳು ಸಾಮಾನ್ಯವಾಗಿ ಎಡವುವುದು ಆಕಾರದಲ್ಲಲ್ಲ, ಅನುಪಾತದಲ್ಲಿ. 720ಕ್ಕೆ 400ರ ಚಿತ್ರವನ್ನು ನಾಲ್ಕಕ್ಕೆ ಮೂರರ ಗಾಜಿನ ತೆರೆಯ ಮೇಲೆ ಹರಡಿದಾಗ ಪ್ರತಿ ಚುಕ್ಕೆಯೂ ತನ್ನ ಅಗಲಕ್ಕಿಂತ 1.35 ಪಟ್ಟು ಎತ್ತರವಾಗುತ್ತಿತ್ತು. ಅದೇ ನಕ್ಷೆಯನ್ನು ಇಂದಿನ ಚೌಕ ಚುಕ್ಕೆಗಳ ತೆರೆಗೆ ತಂದರೆ ಮೂಲದಲ್ಲಿ ನೀಳವಾಗಿದ್ದ ಅಕ್ಷರಗಳು ಕುಳ್ಳಾಗುತ್ತವೆ. ಹದಿನಾರರ ಗುಣಕವಲ್ಲದ ಗಾತ್ರಕ್ಕೆ ಹಿಗ್ಗಿಸಿದರಂತೂ ಒಂದು ಕಾಲು ದಪ್ಪ, ಇನ್ನೊಂದು ಸಪೂರ, ಇಲ್ಲವೇ ಅಂಚೆಲ್ಲ ಮಸುಕು. ವೈಲ್‌ಆರ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ವಿನ್ಯಾಸಕಾರರು ಸಂಗ್ರಹಿಸಿರುವ ‘ಅಲ್ಟಿಮೇಟ್ ಓಲ್ಡ್‌ಸ್ಕೂಲ್ ಪಿಸಿ ಫಾಂಟ್ ಪ್ಯಾಕ್’ ಈ ವಿಷಯದಲ್ಲಿ ಆದರ್ಶಪ್ರಾಯವಾದುದು. ಅದರಲ್ಲಿ ಚೌಕ ಚುಕ್ಕೆಯ ರೂಪದ ಜೊತೆಗೆ ಅನುಪಾತ ತಿದ್ದಿದ ರೂಪವೂ ಬೇರೆಯಾಗಿ ಸಿಗುತ್ತದೆ. ಅಂಥ ಆಯ್ಕೆಯಿದ್ದೂ ಭಿತ್ತಿಪತ್ರಗಳಲ್ಲಿ ಕುಳ್ಳು ರೂಪವೇ ಮೆರೆಯುವುದನ್ನು ಅಜ್ಞಾನವೆನ್ನದೆ ಬೇರೆ ದಾರಿಯಿಲ್ಲ.

ಮರುಬಳಕೆ ಅರ್ಥಪೂರ್ಣವಾಗುವುದು ಮನೆಗಳ ಜಾಲವೇ ಕೆಲಸಕ್ಕೆ ಬಂದಾಗ. 2006ರ ‘ಡ್ವಾರ್ಫ್ ಫೋರ್ಟ್ರೆಸ್’ ಆಟವು ಇದೇ 256 ಚಿಹ್ನೆಗಳ ಪಟ್ಟಿಯನ್ನು ಭೂಪಟವಾಗಿ ಬಳಸಿತು: ನಗುಮುಖದ ಚಿಹ್ನೆ ಕುಬ್ಜನಾಯಿತು, ಚಿಕ್ಕ ‘ಜಿ’ ಅಕ್ಷರ ಗಾಬ್ಲಿನ್ ಎಂಬ ದುಷ್ಟಜೀವಿಯಾಯಿತು. ಅಲ್ಲಿ ಸಮ-ಅಗಲವು ಅಲಂಕಾರವಲ್ಲ, ನೆಲದ ಅಳತೆ.

ಈ ಜಾಲ ಕನ್ನಡಕ್ಕೆ ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ರೋಮನ್ ಝಿಬೋರಾ ಆರಂಭಿಸಿದ ಯೂನಿಫಾಂಟ್ ಪರೋಕ್ಷವಾಗಿ ಉತ್ತರ ಕೊಡುತ್ತದೆ. ಎತ್ತರವನ್ನು ಹದಿನಾರು ಸಾಲಿಗೇ ನಿಲ್ಲಿಸಿ ಅಗಲವನ್ನು ಎಂಟು ಅಥವಾ ಹದಿನಾರು ಚುಕ್ಕೆಗೆ ಹಿಗ್ಗಿಸುವ ಈ ಚುಕ್ಕೆ ಫಾಂಟಿನಲ್ಲಿ ಕನ್ನಡದ ಬಿಡಿ ಸಂಕೇತಗಳಿಗೆಲ್ಲ ರೂಪವಿದೆ. ಆದರೆ ‘ಸ್ತ್ರೀ’ ಎಂಬುದು ಆರು ಸಂಕೇತಗಳ ಸರಣಿಯಾದ್ದರಿಂದ, ಸಂಕೇತಕ್ಕೊಂದು ಚಿತ್ರವೆಂಬ ನಿಯಮದಲ್ಲಿ ಅದರ ಒತ್ತುಗಳು ಕೆಳಗಿಳಿಯದೆ ಬಿಡಿ ಅಕ್ಷರಗಳಾಗಿಯೇ ಉಳಿಯುತ್ತವೆ. ಒತ್ತುಗಳನ್ನು ಕೆಳಗಿಳಿಸುವುದಾದರೂ ತಲೆಕಟ್ಟು, ಒಡಲು, ಒಂದರ ಕೆಳಗೊಂದು ಒತ್ತು ಇವಿಷ್ಟನ್ನೂ ಹದಿನಾರು ಸಾಲಿಗೆ ತುರುಕಿದರೆ, ‘ಎಂ’ ಅಕ್ಷರದ ನಡುಗಾಲಿನಂತೆ ಒಂದೆಡೆ ಸಣ್ಣದಾಗಿಸಿ ಪಾರಾಗುವ ಅವಕಾಶವೂ ಉಳಿಯುವುದಿಲ್ಲ. ಕನ್ನಡದ ಚುಕ್ಕೆ ಅಕ್ಷರವನ್ನು ರೂಪಿಸಹೊರಟವರು ವಿಜಿಎಯ ಮನೆಯನ್ನು ಎರವಲು ತರುವ ಬದಲು, ಅತಿ ಎತ್ತರದ ಸಂಯುಕ್ತಾಕ್ಷರವನ್ನು ಮೊದಲು ಬರೆದು, ಅದಕ್ಕೆ ಬೇಕಾದ ಸಾಲುಗಳನ್ನು ಎಣಿಸಿ ಮನೆಯ ಅಳತೆಯನ್ನು ಗೊತ್ತುಮಾಡಬೇಕಾಗುತ್ತದೆ.