ಗದ್ದುಗೆ ಹೋದ ಮೇಲಿನ ಮಾತು

ಅಧಿಕಾರದಲ್ಲಿದ್ದವರ ಆತ್ಮಕಥೆಗಳನ್ನು ನಾನು ಸಂಶಯದಿಂದಲೇ ಓದುತ್ತೇನೆ. ಒಳ್ಳೆಯದೆಲ್ಲ ತಮ್ಮಿಂದ, ಕೆಟ್ಟದ್ದೆಲ್ಲ ಪರರಿಂದ ಎಂಬುದೇ ಅವುಗಳ ಪಲ್ಲವಿ. ಚೀನದ ಪ್ರಧಾನಿಯಾಗಿ, ಅನಂತರ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಆಳಿದ ಝಾವೊ ಜಿಯಾಂಗರ ಸ್ಮೃತಿಗ್ರಂಥ ಈ ಜಾತಿಗೆ ಪೂರ್ತಿ ಸೇರುವುದಿಲ್ಲ. ಪೂರ್ತಿ ಹೊರತೂ ಅಲ್ಲ.

ಗ್ರಂಥ ಹುಟ್ಟಿದ ಬಗೆಯೇ ವಿಲಕ್ಷಣವಾದುದು. 1989ರಲ್ಲಿ ಪದಚ್ಯುತರಾದ ಝಾವೊ ಅವರು 2005ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಬೀಜಿಂಗಿನಲ್ಲಿ ಗೃಹಬಂಧಿ. ಕಾವಲಿನವರಿಗೆ ತಿಳಿಯದಂತೆ, ಮನೆಯಲ್ಲಿದ್ದ ಮಕ್ಕಳ ಹಾಡು, ಪೀಕಿಂಗ್ ಸಂಗೀತನಾಟಕಗಳ ಧ್ವನಿಸುರುಳಿಗಳ ಮೇಲೆಯೇ ತಮ್ಮ ಮಾತನ್ನು ಮುದ್ರಿಸಿದರು. ಸುಮಾರು 30 ಸುರುಳಿಗಳು ಗುಟ್ಟಾಗಿ ಹೊರಬಂದು, 2009ರಲ್ಲಿ ಇಂಗ್ಲಿಷಿನಲ್ಲಿ ‘ಪ್ರಿಸನರ್ ಆಫ್ ದಿ ಸ್ಟೇಟ್’ ಎಂಬ ಗ್ರಂಥವಾದವು.

ಇಲ್ಲಿ ಶೈಲಿಯ ಬೆಡಗನ್ನು ಹುಡುಕುವವರು ನಿರಾಶರಾಗುವರು. ಕಡತದ ಟಿಪ್ಪಣಿಯಂತೆ ಒಣಗಿದ ಮಾತು. ಆ ಶುಷ್ಕತೆಯೇ ಅದರ ಬಲವೆಂದು ನನ್ನ ಅಭಿಪ್ರಾಯ. 1989ರ ಮೇ 17ರಂದು ಡೆಂಗ್ ಷಿಯಾವೊಪಿಂಗರ ಮನೆಯಲ್ಲಿ ಸೈನಿಕ ಶಾಸನದ ನಿರ್ಧಾರವಾದಾಗ ವಿಧಿವತ್ತಾಗಿ ಮತ ಎಣಿಸಲೇ ಇಲ್ಲವೆಂದು ಅವರು ಹೇಳುತ್ತಾರೆ. ಜೂನ್ 3ರ ರಾತ್ರಿ ಮನೆಯವರೊಂದಿಗೆ ಅಂಗಳದಲ್ಲಿ ಕುಳಿತಿದ್ದಾಗ ಗುಂಡಿನ ಸದ್ದು ಕೇಳಿಬಂದುದನ್ನೂ ಅಷ್ಟೇ ಸಂಕ್ಷೇಪವಾಗಿ ಹೇಳಿ ಮುಗಿಸುತ್ತಾರೆ. ಕಣ್ಣೀರಿಲ್ಲ, ಆವೇಶವಿಲ್ಲ. ಓದುಗನ ಮನಸ್ಸು ಮಾತ್ರ ಅಲ್ಲಿಯೇ ನಿಲ್ಲುತ್ತದೆ.

ಆದರೆ ವಿಮರ್ಶಕನು ಮೌನವನ್ನೂ ಓದಬೇಕು. 1987ರ ಜನವರಿಯಲ್ಲಿ ಹೂ ಯಾವೊಬಾಂಗರು ಹಿರಿಯರ ಅಸಮಾಧಾನಕ್ಕೆ ಗುರಿಯಾಗಿ ಪದವಿ ಕಳೆದುಕೊಂಡರು. ಅದರಲ್ಲಿ ತಮ್ಮ ಕೈವಾಡವಿರಲಿಲ್ಲವೆಂದು ಝಾವೊ ವಾದಿಸುತ್ತಾರೆ. ಇರಲಿ; ತೆರವಾದ ಪೀಠದಲ್ಲಿ ಕುಳಿತವರು ಅವರೇ ಅಲ್ಲವೆ? ಎರಡು ವರ್ಷಗಳ ಮೇಲೆ ಹಿರಿಯರ ಅದೇ ಇಚ್ಛೆ ಅವರನ್ನೂ ಉರುಳಿಸಿತು. ಈ ಸಾದೃಶ್ಯವನ್ನು ಅವರು ಇನ್ನಷ್ಟು ನಿಷ್ಠುರವಾಗಿ ಪರಿಶೀಲಿಸಬೇಕಾಗಿತ್ತು.

ಇದಕ್ಕಿಂತ ದೊಡ್ಡ ಕೊರತೆ ಧಾನ್ಯದ ಪ್ರಶ್ನೆ. 1975ರಿಂದ ಸಿಚುವಾನ್ ಪ್ರಾಂತವನ್ನು ನಡೆಸಿದ ಝಾವೊ ಅಲ್ಲಿಯ ಬೇಸಾಯಕ್ಕೆ ಜೀವ ತುಂಬಿದರು. ಅನ್ನ ಬೇಕಾದರೆ ಜಿಯಾಂಗರನ್ನು ಅರಸಿ ಎಂಬರ್ಥದ ಪ್ರಾಸದ ಮಾತು ಜನರ ಬಾಯಲ್ಲಿ ಹುಟ್ಟಿತು. ಆದರೆ 1959ರ ಆರಂಭದಲ್ಲಿ ಗ್ವಾಂಗ್‌ಡಾಂಗಿನಲ್ಲಿ, ರೈತರು ಧಾನ್ಯ ಬಚ್ಚಿಟ್ಟಿದ್ದಾರೆಂಬ ಆಪಾದನೆಯ ಮೇಲೆ ನಡೆದ ಶೋಧದ ಮುಂದಾಳೂ ಇವರೇ; ಅವರ ವರದಿಯನ್ನು ಮಾವೊ ಮೆಚ್ಚಿಕೊಂಡರು. ಅದು ಮಹಾಕ್ಷಾಮದ ಕಾಲ. ಗ್ರಂಥ ಮುಖ್ಯವಾಗಿ 1980ರ ದಶಕಕ್ಕೆ ಸೀಮಿತವಾದುದರಿಂದ ಆ ರೈತರಿಗೆ ಇಲ್ಲಿ ಸಾಕ್ಷಿಯಿಲ್ಲ. ಹದಿನೈದು ವರ್ಷಗಳ ಏಕಾಂತ ದೊರೆತವರಿಗೆ ಇನ್ನೂ ಒಂದು ಸುರುಳಿ ಹೆಚ್ಚಾಗುತ್ತಿತ್ತೆ?

ಹಾಗೆಂದು ಈ ಗ್ರಂಥವನ್ನು ಬದಿಗಿಡಲಾಗದು. ಗೊಂದಲಕ್ಕೆ ಬೆಂಬಲವಿತ್ತು ಪಕ್ಷವನ್ನು ಒಡೆದರೆಂಬ ಆರೋಪವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಜೀವನವೆಲ್ಲ ಪಕ್ಷದಲ್ಲಿ ಕಳೆದವರು ಕಡೆಗೆ ಸಂಸದೀಯ ಪ್ರಜಾಪ್ರಭುತ್ವವೇ ಲೇಸೆಂಬ ನಿರ್ಣಯಕ್ಕೆ ಬಂದರು. ಅರಿವು ತಡವಾಗಿ ಬಂದಿತೆಂದು ಹಂಗಿಸುವುದು ಸುಲಭ. ಗದ್ದುಗೆ ಕೈಯಲ್ಲಿದ್ದಾಗಲೇ, ನಿರಾಯುಧರ ಮೇಲೆ ಸೈನ್ಯವನ್ನು ಕಳುಹುವ ಕೆಲಸ ನನ್ನಿಂದಾಗದೆಂದು ಹಿಂದೆ ಸರಿದುದು ಮಾತ್ರ ತಡವಾದ ಅರಿವಲ್ಲ. ಗ್ರಂಥದ ಮಾತಿಗೆ ಬೆಲೆ ಬಂದಿರುವುದು ಆ ನಿರಾಕರಣೆಯಿಂದ. ಅದರ ಮೌನಕ್ಕೆ ಮಾತ್ರ ಆ ನಿರಾಕರಣೆ ಉತ್ತರವಾಗಲಾರದು.