ತವರ-133: ಅಳೆದದ್ದೆಷ್ಟು, ಲೆಕ್ಕ ಹಾಕಿದ್ದೆಷ್ಟು

ಕೇಟ್ ಜೋನ್ಸ್ ಮತ್ತು ಸಂಗಡಿಗರು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಎತ್ತಿಕೊಂಡ ಪ್ರಶ್ನೆ ಒಂದೇ: 50 ಪ್ರೋಟಾನ್, 82 ನ್ಯೂಟ್ರಾನ್‌ಗಳ ತವರ-132 ನಿಜಕ್ಕೂ 'ಮಾಂತ್ರಿಕ', ಅಂದರೆ ಕವಚಗಳು ಪೂರ್ತಿ ತುಂಬಿದ ನ್ಯೂಕ್ಲಿಯಸ್ಸೇ? ಹೌದು, ಮಾಂತ್ರಿಕತೆಗೆ ಮಾದರಿಯೆನಿಸಿದ ಸೀಸ-208ಕ್ಕಿಂತ ಅದೇನೂ ಕಡಿಮೆಯಿಲ್ಲ ಎನ್ನುತ್ತಾರೆ ಅವರು. ಉತ್ತರ ಸರಿಯೆಂದೇ ನನಗೂ ತೋರುತ್ತದೆ. ಆದರೆ ಅದಕ್ಕೆ ಆಧಾರವಾಗಿ ಮುಂದಿಟ್ಟ ಎರಡು ಪುರಾವೆಗಳ ತೂಕ ಒಂದೇ ಅಲ್ಲ.

ವಿಧಾನ ಹಳೆಯದು. ಡ್ಯೂಟೆರಾನ್ ಎಂದರೆ ಸಡಿಲವಾಗಿ ಕೂಡಿಕೊಂಡ ಒಂದು ಪ್ರೋಟಾನ್, ಒಂದು ನ್ಯೂಟ್ರಾನ್. ದೊಡ್ಡ ನ್ಯೂಕ್ಲಿಯಸ್ಸನ್ನು ಸವರಿ ಹೋಗುವಾಗ ಅದು ನ್ಯೂಟ್ರಾನನ್ನು ಅಲ್ಲೇ ಬಿಡುತ್ತದೆ, ಪ್ರೋಟಾನ್ ಹೊರಗೆ ಬರುತ್ತದೆ. ಆ ಪ್ರೋಟಾನಿನ ಶಕ್ತಿ ಅಳೆದರೆ ನ್ಯೂಟ್ರಾನ್ ಯಾವ ಮಟ್ಟಕ್ಕೆ ಹೋಗಿ ಕೂತಿತೆಂದು ತಿಳಿಯುತ್ತದೆ. ಯಾವ ಕೋನದಲ್ಲಿ ಎಷ್ಟು ಪ್ರೋಟಾನ್ ಬಂದವೆಂದು ನೋಡಿದರೆ ನ್ಯೂಟ್ರಾನ್ ಒಯ್ದ ಕೋನೀಯ ಸಂವೇಗ ಸಿಗುತ್ತದೆ. 1950ರ ಹೊತ್ತಿಗೆ ಇದನ್ನು ತೋರಿಸಿಕೊಟ್ಟವರು ಸ್ಟುವರ್ಟ್ ಬಟ್ಲರ್. ಪ್ರೋಟಾನ್, ನ್ಯೂಟ್ರಾನ್‌ಗಳು ಕವಚಗಳಲ್ಲಿ ತುಂಬುತ್ತವೆಂಬ ಕವಚ ಮಾದರಿಯನ್ನು ಮೇಯರ್ ಮತ್ತು ಯೆನ್ಸೆನ್ ಮಂಡಿಸಿ ಆಗಿನ್ನೂ ವರ್ಷ ಕಳೆದಿತ್ತಷ್ಟೆ. ಮಾದರಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗುವಂತಿರಲಿಲ್ಲ.

ತವರ-132ರ ಅರ್ಧಾಯುಷ್ಯ ಸುಮಾರು 40 ಸೆಕೆಂಡು. ಅದನ್ನು ಗುರಿಯಾಗಿ ನಿಲ್ಲಿಸಿ ಹೊಡೆಯುವಂತಿಲ್ಲ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಪಾತ್ರಗಳನ್ನೇ ಅದಲುಬದಲು ಮಾಡಿದರು. ಯುರೇನಿಯಂ ವಿದಳನದಿಂದ ಹೆಕ್ಕಿದ ತವರವನ್ನು 630 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಓಡಿಸಿ, ಡ್ಯೂಟೀರಿಯಂ ಇರುವ ತೆಳುವಾದ ಪ್ಲಾಸ್ಟಿಕ್ ಹಾಳೆಗೆ ಬಡಿಸಿದರು. ಹೀಗೆ ಮಾಡಿದಾಗ ಮಟ್ಟಗಳು ಮಸುಕಾಗಿ ಕಾಣುತ್ತವೆ. ಸ್ಥಿರ ಸೀಸದ ಮೇಲೆ ಕಾಂತೀಯ ಸ್ಪೆಕ್ಟ್ರೋಗ್ರಾಫ್ ಕೊಡುವ ಸ್ಪಷ್ಟತೆ ಇಲ್ಲಿಲ್ಲ. ಆದರೂ ನ್ಯೂಟ್ರಾನ್ ಸೇರಿ ಉಂಟಾದ ತವರ-133ರಲ್ಲಿ ತಳಮಟ್ಟದ ಜೊತೆಗೆ 854, 1363 ಮತ್ತು 2005 ಕಿಲೊ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಮೂರು ಮಟ್ಟಗಳು ಕಂಡವು. ಮೊದಲ ಪುರಾವೆ ಈ ಮಟ್ಟಗಳೇ; ಅವುಗಳಲ್ಲಿ 1363ರದು ಹೊಸದು. ಈ ಪ್ರಯೋಗದ ಗಟ್ಟಿ ಗಳಿಕೆ ಅದೇ.

ಎರಡನೆಯ ಪುರಾವೆ ಸ್ಪೆಕ್ಟ್ರೋಸ್ಕೋಪಿಕ್ ಫ್ಯಾಕ್ಟರ್, ಅಂದರೆ ಹೊಸ ನ್ಯೂಟ್ರಾನ್ ಒಂದೇ ಕಕ್ಷೆಯಲ್ಲಿ ಎಷ್ಟರಮಟ್ಟಿಗೆ ಒಂಟಿಯಾಗಿದೆ ಎಂಬ ಲೆಕ್ಕ. ನಾಲ್ಕು ಮಟ್ಟಗಳಿಗೆ 0.86, 0.92, 1.1, 1.1 ಬಂತು. ಒಂದರ ಆಸುಪಾಸು ಎಂದು ಎಲ್ಲರೂ ಸಂಭ್ರಮಿಸಿದರು. ಆದರೆ ಇದು ಅಳೆದ ಅಂಕಿಯಲ್ಲ. ಅಳೆದದ್ದನ್ನು ಸಿದ್ಧಾಂತ ಹೇಳಿದ್ದರಿಂದ ಭಾಗಿಸಿದಾಗ ಬರುವ ಅಂಕಿ. ನ್ಯೂಟ್ರಾನನ್ನು ಹಿಡಿದಿಡುವ ವಿಭವದ ತ್ರಿಜ್ಯವನ್ನು ತುಸು ಬದಲಿಸಿದರೆ ಭಾಜಕ ಬದಲಾಗುತ್ತದೆ, ಭಾಗಲಬ್ಧವೂ ಬದಲಾಗುತ್ತದೆ. ಎಲೆಕ್ಟ್ರಾನ್ ಹೊಡೆದು ಪ್ರೋಟಾನ್ ಕೆಡಹುವ ಪ್ರಯೋಗಗಳಲ್ಲಿ ಸ್ಥಿರ ನ್ಯೂಕ್ಲಿಯಸ್ಸುಗಳಿಗೇ 0.6–0.7 ಬಂದಿತ್ತು. ಕೇ, ಶಿಫರ್ ಮತ್ತು ಫ್ರೀಮನ್ 2013ರಲ್ಲಿ ಹಲವು ನ್ಯೂಕ್ಲಿಯಸ್ಸುಗಳ ಮೇಲಿನ ಇಂಥ ಕಣ-ವರ್ಗಾವಣೆ ಪ್ರಯೋಗಗಳ ದತ್ತಾಂಶವನ್ನು ಒಂದೇ ಕ್ರಮದಲ್ಲಿ ಜರಡಿ ಹಿಡಿದಾಗ ಸಿಕ್ಕಿದ್ದು 0.55ರ ಹತ್ತಿರದ ಮೌಲ್ಯ. ಹಾಗಿರುವಾಗ ತವರದ 'ಒಂದು' ತನ್ನಷ್ಟಕ್ಕೆ ಹೆಚ್ಚೇನೂ ಹೇಳದು. ಸೀಸವನ್ನೂ ಅದೇ ವಿಧಾನದಿಂದ ಲೆಕ್ಕಿಸಿ ಪಕ್ಕಪಕ್ಕದಲ್ಲಿಟ್ಟಿದ್ದರಿಂದ ಅದಕ್ಕೆ ಬೆಲೆ ಬಂತು. ಲೇಖನದ ನಿಜವಾದ ಜಾಣತನ ಈ ಹೋಲಿಕೆಯಲ್ಲಿದೆ. ಪ್ರಚಾರ ಸಿಕ್ಕಿದ್ದು ಮಾತ್ರ ಬಿಡಿ ಅಂಕಿಗಳಿಗೆ.

ಇನ್ನೊಂದು ಕೊರತೆಯೂ ಇದೆ. 1561 ಕಿಲೊ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಮತ್ತೊಂದು ಮಟ್ಟವಿರುವುದು ಬೀಟಾ ಕ್ಷಯದ ಅಧ್ಯಯನಗಳಿಂದ ಮೊದಲೇ ಗೊತ್ತಿತ್ತು. ಇಲ್ಲಿ ಅದು ಎದ್ದು ಕಾಣಲಿಲ್ಲ. ಅಲ್ಲಿಗೆ ಹೋಗಬೇಕಾದ ನ್ಯೂಟ್ರಾನ್ ದೊಡ್ಡ ಕೋನೀಯ ಸಂವೇಗ ಒಯ್ಯಬೇಕು, ಈ ವೇಗದಲ್ಲಿ ಡ್ಯೂಟೆರಾನಿನಿಂದ ಅದು ಸುಲಭವಾಗಿ ಆಗದು. ಅಂಥ ಮಟ್ಟಗಳಿಗೆ ನ್ಯೂಟ್ರಾನನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುವ ಹೀಲಿಯಂ-4ರಂಥ ದಾನಿಯೇ ಬೇಕಾಗುತ್ತದೆ.